ಚೀನಾದ ಒಂದು ಹಳ್ಳಿಯ ಎಂಟು ದಶಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ

ಚೀನಾದ ಹಳ್ಳಿಗಳ ಬಗ್ಗೆ ಬರೆಯಲು ಕೂತವರು ಮೊದಲ ದಿನವೇ ಮಾಡುವ ತಪ್ಪೊಂದಿದೆ. 1950ರ ಒಂದು ಅಂಕಿ, 2020ರ ಒಂದು ಅಂಕಿ ಅಕ್ಕಪಕ್ಕ ಇಟ್ಟು, ನಡುವೆ ಬಾಣದ ಗುರುತು ಎಳೆದುಬಿಡುತ್ತಾರೆ. ಎರಡು ಅಂಕಿಗಳೂ ಸರಿಯಾಗಿಯೇ ಇರಬಹುದು. ಆದರೆ 1950ರಲ್ಲಿ ಯಾವುದನ್ನು ಹಳ್ಳಿ ಎಂದು ಬರೆದಿದ್ದರೋ 2020ರ ಹಳ್ಳಿ ಅದಲ್ಲ. ಜನಸಂಖ್ಯೆ ಎಣಿಸುವ ಕ್ರಮ ಬೇರೆ, ಆದಾಯ ಎಂಬ ಮಾತಿನ ಅರ್ಥ ಬೇರೆ, ಎಷ್ಟೋ ಕಡೆ ‘ಮು’ ಎಂಬ ಜಮೀನಿನ ಅಳತೆಯೂ ಬೇರೆ. ಒಂದೇ ಹಳ್ಳಿಯನ್ನು ಹಿಡಿದು ಅದರ ಬದಲಾವಣೆಯನ್ನು ದಶಕ ದಶಕವಾಗಿ ಬರೆಯಬೇಕಾದ ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ ಇಲ್ಲಿ ಹೇಳಿರುವುದು ಉಪಯೋಗಕ್ಕೆ ಬರುತ್ತದೆ. ಮೇಜಿನ ಮುಂದೆ ಕೂತು ಮಾಡುವ ಕೆಲಸವೇ ಮುಕ್ಕಾಲು ಪಾಲು. ಊರಿಗೆ ಹೋಗುವುದು ಆಮೇಲೆ.

ಊರು ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಮಜರೆ ಬೇರೆ, ಕಂದಾಯ ಗ್ರಾಮ ಬೇರೆ, ಗ್ರಾಮ ಪಂಚಾಯಿತಿ ಬೇರೆ ಎಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಚೀನಾದಲ್ಲೂ ಇಂಥದೇ ಪದರಗಳಿವೆ. ಮನೆಗಳ ಗುಂಪಾಗಿ ಕಣ್ಣಿಗೆ ಕಾಣುವ ಊರು ‘ಸಹಜ ಹಳ್ಳಿ’. ಕಾಗದದ ಮೇಲಿನದು ‘ಆಡಳಿತ ಹಳ್ಳಿ’; ಅದಕ್ಕೆ ಒಂದು ಗ್ರಾಮಸ್ಥರ ಸಮಿತಿ, ಒಂದು ಕಮ್ಯುನಿಸ್ಟ್ ಪಕ್ಷದ ಶಾಖೆ. ಅದರೊಳಗೆ ‘ಗ್ರಾಮಸ್ಥರ ಗುಂಪು’ಗಳು. ಉತ್ತರದ ಬಯಲುಸೀಮೆಯಲ್ಲಿ ದೊಡ್ಡ ಸಹಜ ಹಳ್ಳಿಯೊಂದೇ ಆಡಳಿತ ಹಳ್ಳಿಯಾಗಿರುವುದು ಸಾಮಾನ್ಯ. ದಕ್ಷಿಣದ ಗುಡ್ಡಗಾಡಿನಲ್ಲಿ ಹತ್ತಾರು ಪುಟ್ಟ ಕೇರಿಗಳು ಸೇರಿ ಒಂದು ಆಡಳಿತ ಹಳ್ಳಿ.

ಈ ಪದರಗಳು ಬಂದದ್ದು ಜಮೀನು, ದುಡಿಮೆ ಎಲ್ಲ ಸಾಮೂಹಿಕವಾಗಿದ್ದ ಕಮ್ಯೂನ್ ಕಾಲದಿಂದ. 1958ರಲ್ಲಿ ಜನತಾ ಕಮ್ಯೂನ್, ಅದರ ಕೆಳಗೆ ಬ್ರಿಗೇಡ್, ಅದರ ಕೆಳಗೆ ಉತ್ಪಾದನಾ ತಂಡ. 1983–84ರ ಹೊತ್ತಿಗೆ ಕಮ್ಯೂನ್ ಹೋಗಿ ಹೋಬಳಿಯಂಥ ಟೌನ್‌ಶಿಪ್ ಆಯಿತು, ಬ್ರಿಗೇಡ್ ಆಡಳಿತ ಹಳ್ಳಿಯಾಯಿತು, ತಂಡ ಗ್ರಾಮಸ್ಥರ ಗುಂಪಾಯಿತು. ವಯಸ್ಸಾದವರು ಇವತ್ತಿಗೂ ಆಡಳಿತ ಹಳ್ಳಿಗೆ ‘ದಾದುಯ್’, ಅಂದರೆ ಬ್ರಿಗೇಡ್, ಎನ್ನುತ್ತಾರೆ. ಬರೀ ‘ದುಯ್’ ಅಂದರೆ ತಂಡ. ಕಿವಿಗೆ ಬಿದ್ದ ಈ ಒಂದಕ್ಷರವನ್ನು ತಪ್ಪಾಗಿ ಬರೆದುಕೊಂಡರೆ 40 ಮನೆಯ ಲೆಕ್ಕ 400 ಮನೆಯ ಊರಿಗೆ ಅಂಟಿಕೊಳ್ಳುತ್ತದೆ.

ಆದ್ದರಿಂದ ಮೊದಲ ಕೆಲಸ ಒಂದು ಪಟ್ಟಿ. ಅಡ್ಡಕ್ಕೆ ಆರು ಕಾಲಂ: ವರ್ಷ, ಆಗ ಊರಿಗಿದ್ದ ಹೆಸರು, ಮೇಲಿನ ಘಟಕ, ಒಳಗಿನ ಘಟಕಗಳೆಷ್ಟು, ಮನೆ ಮತ್ತು ಜನ, ಜಮೀನು. ಮೇಲಿನ ಘಟಕದ ಹೆಸರನ್ನು ಬಿಡಬೇಡಿ, ದಾಖಲೆ ಸಿಗುವುದು ಆ ಹೆಸರಿನಡಿಯಲ್ಲಿ. ಜಿಯಾಂಗ್ಸು ಪ್ರಾಂತ್ಯದ ವೂಜಿಯಾಂಗ್ 1992ರವರೆಗೆ ಕೌಂಟಿ (ನಮ್ಮ ತಾಲ್ಲೂಕಿನಂಥದ್ದು), ಆಮೇಲೆ ಕೌಂಟಿ ದರ್ಜೆಯ ನಗರ, 2012ರಿಂದ ಸುಝೌ ನಗರದ ಒಂದು ಜಿಲ್ಲೆ. ಅಲ್ಲಿನ ಒಂದೇ ಹಳ್ಳಿಯ ಕಾಗದಗಳು ಮೂರು ತಲೆಬರಹಗಳ ಕೆಳಗೆ ಹರಡಿಕೊಂಡಿರುತ್ತವೆ.

2000ದ ನಂತರ ಖರ್ಚು ಉಳಿಸಲು ಅನೇಕ ಪ್ರಾಂತ್ಯಗಳು ಆಡಳಿತ ಹಳ್ಳಿಗಳನ್ನು ಒಂದಕ್ಕೊಂದು ಸೇರಿಸಿದವು. ಪಟ್ಟಿಯಲ್ಲಿ ಜನಸಂಖ್ಯೆ ಒಮ್ಮೆಲೇ ಒಂದೂವರೆ ಪಟ್ಟು ಜಿಗಿದಿದ್ದರೆ ಹೆರಿಗೆ ಹೆಚ್ಚಿತೆಂದು ಬರೆಯುವ ಮೊದಲು ಜಮೀನಿನ ಕಾಲಂ ನೋಡಿ. ಅದೂ ಅದೇ ವರ್ಷ ಜಿಗಿದಿದ್ದರೆ ಪಕ್ಕದ ಊರು ಬಂದು ಸೇರಿದೆ ಎಂದರ್ಥ. ಹೋಲಿಕೆಗೆ ಎಲ್ಲ ದಶಕಗಳಲ್ಲೂ ಸಿಗುವ ಅತಿ ಚಿಕ್ಕ ಘಟಕವನ್ನು ಹಿಡಿಯಿರಿ. ಸಾಧಾರಣವಾಗಿ ಅದು ಹಳೆಯ ತಂಡ, ಈಗಿನ ಗುಂಪು. 1962ರ ನಂತರ ಲೆಕ್ಕ ಮುಗಿಸುತ್ತಿದ್ದದ್ದು ತಂಡದ ಮಟ್ಟದಲ್ಲೇ. ಬಹಳ ಊರುಗಳಲ್ಲಿ ಜಮೀನಿನ ಸಾಮೂಹಿಕ ಒಡೆತನ ಈಗಲೂ ಆ ಗುಂಪಿನದೇ.

ಅಳತೆಗಳು

15 ಮು ಸೇರಿದರೆ 1 ಹೆಕ್ಟೇರ್. ಅಂದರೆ 1 ಮು ಸುಮಾರು 667 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆಗೆ ಸ್ವಲ್ಪ ಹೆಚ್ಚು. 1 ಎಕರೆಗೆ 6 ಮು ಎಂದು ಇಟ್ಟುಕೊಳ್ಳಬಹುದು. 1 ಜಿನ್ ಅಂದರೆ 500 ಗ್ರಾಂ, 100 ಜಿನ್‌ಗೆ 1 ದಾನ್. ಮುಗೆ 800 ಜಿನ್ ಭತ್ತ ಎಂದು ಓದಿದರೆ ಎಕರೆಗೆ ಸುಮಾರು 24 ಕ್ವಿಂಟಲ್.

ಇದು ಇಂದಿನ ಮು. ಚಿಂಗ್ ಅರಸೊತ್ತಿಗೆಯ ಕಾಲದ ಸರಕಾರಿ ಮು ಸುಮಾರು 614 ಚದರ ಮೀಟರ್ ಮಾತ್ರ. 1930ರ ಸುಮಾರಿಗೆ ಅಳತೆ ಒಂದೇ ಮಾಡಿದ ಮೇಲೂ ಊರೂರಿನ ರೂಢಿಯ ಮು ಬಹಳ ಕಾಲ ಉಳಿಯಿತು. ಇದರ ಮೇಲೆ ಇನ್ನೊಂದು ಜಾಣತನ: ತೆರಿಗೆ ಕಟ್ಟುವಾಗ ಕೆಟ್ಟ ಜಮೀನಿನ ಎರಡು ಮುವನ್ನು ಒಂದೆಂದು ಬರೆದುಕೊಳ್ಳುವ ಪದ್ಧತಿ. 2013ರ ನಂತರ ಹಕ್ಕುಪತ್ರ ಕೊಡಲೆಂದು ಹೊಲಗಳನ್ನು ಹೊಸದಾಗಿ ಅಳೆದಾಗ ಎಷ್ಟೋ ಊರುಗಳ ಜಮೀನು ಕಾಗದದಲ್ಲಿ ‘ಹೆಚ್ಚಿತು’. ನೆಲ ಇದ್ದಷ್ಟೇ ಇತ್ತು.

ಧಾನ್ಯದ ಅಂಕಿಯಲ್ಲೂ ಒಂದು ಗುಂಡಿ ಇದೆ. ಚೀನಾದ ಲೆಕ್ಕದಲ್ಲಿ ಗೆಣಸು, ಆಲೂಗಡ್ಡೆಯೂ ‘ಧಾನ್ಯ’. 1963ರವರೆಗೆ 4 ಜಿನ್ ಗೆಣಸಿಗೆ 1 ಜಿನ್ ಧಾನ್ಯ ಎಂದು ಹಿಡಿದರು, 1964ರಿಂದ 5ಕ್ಕೆ 1. ಗೆಣಸು ಬೆಳೆಯುವ ಊರಿನಲ್ಲಿ 1962 ಮತ್ತು 1965ರ ಇಳುವರಿ ಹೋಲಿಸುವ ಮೊದಲು ಇದನ್ನು ತಿದ್ದಿಕೊಳ್ಳದಿದ್ದರೆ ಇಲ್ಲದ ಬರಗಾಲ ಹುಟ್ಟಿಕೊಳ್ಳುತ್ತದೆ. ಭತ್ತವನ್ನು ಹೊಟ್ಟುಸಮೇತ ತೂಗಿದ್ದೋ ಅಕ್ಕಿ ಮಾಡಿ ತೂಗಿದ್ದೋ ಎಂಬುದನ್ನೂ ನೋಡಿ. ತಂಡದ ಪುಸ್ತಕಗಳಲ್ಲಿ ಇರುವುದು ಹೆಚ್ಚಾಗಿ ಹೊಟ್ಟುಸಮೇತದ ತೂಕ.

ದೇಶದ ತಾರೀಖು, ಊರಿನ ತಾರೀಖು

ಪಟ್ಟಿಯ ಪಕ್ಕದಲ್ಲಿ ಎರಡು ಕಾಲರೇಖೆ ಎಳೆಯಿರಿ. ಎಡಕ್ಕೆ ದೇಶದ ತೀರ್ಮಾನಗಳು, ಬಲಕ್ಕೆ ಅದು ನಿಮ್ಮ ಊರಿಗೆ ತಲುಪಿದ ವರ್ಷ. ಎರಡರ ನಡುವಿನ ಅಂತರದಲ್ಲೇ ಊರಿನ ಕಥೆ ಇರುವುದು.

ಭೂಸುಧಾರಣಾ ಕಾನೂನು ಬಂದದ್ದು 1950ರ ಜೂನ್‌ನಲ್ಲಿ. 1952ರ ಕೊನೆಗೆ ದೇಶದ ಬಹುಪಾಲು ಮುಗಿಯಿತು. ಕಮ್ಯುನಿಸ್ಟರ ಹಿಡಿತದಲ್ಲಿ ಮೊದಲೇ ಇದ್ದ ಉತ್ತರದ ಊರುಗಳಲ್ಲಿ ಅದು 1946–48ರಲ್ಲೇ, ಹೆಚ್ಚು ರಕ್ತ ಹರಿಸಿ, ಆಗಿಹೋಗಿತ್ತು. ಪ್ರತಿ ಮನೆಗೂ ಒಂದು ಹಣೆಪಟ್ಟಿ ಸಿಕ್ಕಿತು: ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ, ಕೂಲಿ. ಜಮೀನು ಐದಾರು ವರ್ಷಗಳಲ್ಲಿ ಮತ್ತೆ ಸಾಮೂಹಿಕವಾಯಿತು, ಹಣೆಪಟ್ಟಿ ಮಾತ್ರ ಮಕ್ಕಳ ಮದುವೆ, ಶಾಲೆ, ಸೈನ್ಯದ ನೇಮಕದವರೆಗೂ ಅಂಟಿಕೊಂಡೇ ಇತ್ತು. ಅದನ್ನು ತೆಗೆಯಲು ತೀರ್ಮಾನಿಸಿದ್ದು 1979ರ ಜನವರಿಯಲ್ಲಿ. ಆದ್ದರಿಂದ 1950–79ರ ನಡುವಿನ ಯಾವ ಮನೆತನದ ವಿವರ ಬರೆದರೂ ಹಣೆಪಟ್ಟಿಯ ಕಾಲಂ ಇರಲೇಬೇಕು.

ಪರಸ್ಪರ ನೆರವಿನ ತಂಡ, ಸಣ್ಣ ಸಹಕಾರ ಸಂಘ, 1956ರ ದೊಡ್ಡ ಸಹಕಾರ ಸಂಘ, 1958ರ ಕಮ್ಯೂನ್, ಸಾಮೂಹಿಕ ಊಟದ ಮನೆ, 1959–61ರ ಕ್ಷಾಮ: ಇವಿಷ್ಟೂ ಒಂದು ದಶಕದೊಳಗೆ. 1962ರಲ್ಲಿ ಲೆಕ್ಕದ ಘಟಕ ಮತ್ತೆ ತಂಡಕ್ಕೆ ಇಳಿಯಿತು. 1964ರಿಂದ ಶಾನ್‌ಶಿ ಪ್ರಾಂತ್ಯದ ದಾಜಾಯ್ ಎಂಬ ಊರನ್ನು ಮಾದರಿ ಎಂದು ದೇಶಕ್ಕೆಲ್ಲ ತೋರಿಸಿದರು. ಗುಡ್ಡದ ಮೆಟ್ಟಿಲು ಹೊಲ, ಸಣ್ಣ ಅಣೆಕಟ್ಟು, ಕಾಲುವೆ ನಿಮ್ಮ ಊರಲ್ಲಿದ್ದರೆ ಯಾವ ವರ್ಷದ್ದು ಎಂದು ಕೇಳಿ. ಅದರ ಮಣ್ಣು ಈ ಕಾಲದಲ್ಲಿ ಹೊತ್ತದ್ದಾಗಿರುವ ಸಾಧ್ಯತೆ ಹೆಚ್ಚು.

ಮುಂದಿನದು ಮನೆವಾರು ಗುತ್ತಿಗೆ, ಅಂದರೆ ಸಾಮೂಹಿಕ ಹೊಲವನ್ನು ಮನೆಮನೆಗೆ ಗುತ್ತಿಗೆಗೆ ಹಂಚುವುದು. ಆನ್‌ಹುಯಿಯ ಫೆಂಗ್ಯಾಂಗ್ ಕೌಂಟಿಯ ಶಿಯಾವ್‌ಗಾಂಗ್‌ನಲ್ಲಿ 18 ಮನೆಗಳು ಗುಟ್ಟಾಗಿ ಹೊಲ ಹಂಚಿಕೊಂಡದ್ದು 1978ರ ಕೊನೆಯಲ್ಲಿ. ಕೇಂದ್ರ ಅದನ್ನು ದೇಶದ ಮಟ್ಟದಲ್ಲಿ ಒಪ್ಪಿದ್ದು 1982ರಲ್ಲಿ. ನಿಮ್ಮ ಊರಿನಲ್ಲಿ ಹಂಚಿದ್ದು ಯಾವಾಗ ಎಂಬುದು ಕೌಂಟಿಯ ನಾಯಕರ ಧೈರ್ಯದ ಮೇಲೆ, ಊರಿನ ಬಡತನದ ಮೇಲೆ ಹೋಗುತ್ತದೆ. ಹೊಟ್ಟೆಗಿಲ್ಲದ ಊರುಗಳು ಮೊದಲು ಹಂಚಿದವು, ಕಾರ್ಖಾನೆ ನಡೆಸುತ್ತಿದ್ದ ಊರುಗಳು ತಡಮಾಡಿದವು. ಹೆನಾನ್‌ನ ನಾನ್‌ಜಿಯೆ ಹಂಚಿದ ಮೇಲೆ ವಾಪಸು ಸಾಮೂಹಿಕಕ್ಕೆ ಹೋಯಿತು.

ಆಮೇಲಿನ ಜಮೀನಿನ ಇತಿಹಾಸವನ್ನು ಅನೇಕರು ಬಿಟ್ಟುಬಿಡುತ್ತಾರೆ, ಅದೇ ಮುಖ್ಯ. 1984ರಲ್ಲಿ ಗುತ್ತಿಗೆ ಅವಧಿ 15 ವರ್ಷ ಎಂದರು, 1993ರಲ್ಲಿ ಇನ್ನೂ 30 ವರ್ಷ, 2017ರಲ್ಲಿ ಮತ್ತೆ 30. ಮೊದಲ ಅವಧಿಯಲ್ಲಿ ಗುಂಪಿನೊಳಗೆ ಕೆಲವು ವರ್ಷಕ್ಕೊಮ್ಮೆ ‘ಹೊಂದಾಣಿಕೆ’ ನಡೆಯುತ್ತಿತ್ತು: ಸೊಸೆ ಬಂದರೆ, ಮಗು ಹುಟ್ಟಿದರೆ ಜಮೀನು ಸೇರುತ್ತಿತ್ತು, ಸತ್ತರೆ, ಮಗಳು ಮದುವೆಯಾಗಿ ಹೋದರೆ ಕಡಿತ. 1987ರಲ್ಲಿ ಗುಯಿಝೌ ಪ್ರಾಂತ್ಯದ ಮೆಯ್‌ತಾನ್ ಕೌಂಟಿ ಇದನ್ನು ನಿಲ್ಲಿಸುವ ಪ್ರಯೋಗ ಮಾಡಿತು, ಜನ ಹೆಚ್ಚಿದರೂ ಜಮೀನು ಹೆಚ್ಚದು ಎಂಬ ನಿಯಮ. 1990ರ ದಶಕದಲ್ಲಿ ಅದು ದೇಶದ ನೀತಿಯಾಯಿತು. ಪರಿಣಾಮ ಏನೆಂದರೆ, ಆಮೇಲೆ ಬಂದ ಸೊಸೆಗೆ ಗಂಡನ ಊರಲ್ಲಿ ಜಮೀನಿಲ್ಲ, ತವರಿನ ಪಾಲು ಅಣ್ಣತಮ್ಮಂದಿರ ಕೈಯಲ್ಲಿ. ಎರಡು ತಲೆಮಾರಿನ ಹೆಂಗಸರನ್ನು ಬೇರೆ ಬೇರೆಯಾಗಿ ಕೇಳದೆ ಇದು ಗೊತ್ತಾಗುವುದಿಲ್ಲ. ಸರಾಸರಿ ಹಿಡುವಳಿಯ ಅಂಕಿಯಲ್ಲಂತೂ ಕಾಣುವುದೇ ಇಲ್ಲ.

ಉಳಿದ ತಾರೀಖುಗಳನ್ನು ಬರೆದಿಟ್ಟುಕೊಂಡರೆ ಸಾಕು. 1998ರ ಗ್ರಾಮಸ್ಥರ ಸಮಿತಿ ಕಾನೂನು, 2001ರಿಂದ ಹಳ್ಳಿ ಶಾಲೆಗಳನ್ನು ಮುಚ್ಚಿ ದೂರದ ಶಾಲೆಗೆ ಸೇರಿಸಿದ್ದು, 2003ರ ಸಹಕಾರಿ ಆರೋಗ್ಯ ವಿಮೆ, 2006ರ ಜನವರಿ 1ರಿಂದ ಕೃಷಿ ತೆರಿಗೆ ರದ್ದು, 2009ರ ಹಳ್ಳಿಗರ ಪಿಂಚಣಿ, 2013ರಿಂದ ಮನೆಮನೆ ಗುರುತಿಸಿ ನಡೆಸಿದ ಬಡತನ ನಿವಾರಣೆ, 2017ರ ನಂತರದ ‘ಗ್ರಾಮ ಪುನಶ್ಚೇತನ’. ಈ ಸಾಲಿನಲ್ಲಿ ಊರಿನ ರಾಜಕೀಯವನ್ನು ಹೆಚ್ಚು ಬದಲಿಸಿದ್ದು ತೆರಿಗೆ ರದ್ದತಿ. ಅಲ್ಲಿಯವರೆಗೆ ಊರಿನ ಪದಾಧಿಕಾರಿ ದುಡ್ಡು ಕೇಳಲು ಬಾಗಿಲಿಗೆ ಬರುತ್ತಿದ್ದ. ಆಮೇಲೆ ಮೇಲಿನಿಂದ ಬರುವ ಯೋಜನೆಯ ದುಡ್ಡಿಗಾಗಿ ಊರವರೇ ಅವನ ಬಾಗಿಲಿಗೆ ಹೋಗತೊಡಗಿದರು.

ಒಂದು ಊರನ್ನು ಹಿಡಿದು ನೋಡಿ: ಕೈಶ್ಯೆನ್‌ಗೊಂಗ್

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಊರಿಲ್ಲ. ತಾಯ್‌ಹು ಸರೋವರದ ಆಗ್ನೇಯ ದಂಡೆಯ ಬಳಿ, ಮೇಲೆ ಹೇಳಿದ ವೂಜಿಯಾಂಗ್‌ನಲ್ಲೇ ಇದೆ. ಹೆಸರಿನ ಅರ್ಥ ಹೆದೆಯೇರಿಸಿದ ಬಿಲ್ಲು. ಊರೊಳಗಿನ ಹೊಳೆಯ ಬಾಗಿನಿಂದ ಬಂದ ಹೆಸರು. ಸಮಾಜಶಾಸ್ತ್ರಜ್ಞ ಫೇ ಶಿಯಾವ್‌ಟೊಂಗ್ 1936ರ ಬೇಸಿಗೆಯಲ್ಲಿ ಎರಡು ತಿಂಗಳು ಇಲ್ಲಿದ್ದು ಅಧ್ಯಯನ ಮಾಡಿದರು. ಹಿಂದಿನ ವರ್ಷದ ಗಣತಿಯಲ್ಲಿ ಊರಿನ ಜನಸಂಖ್ಯೆ 1,458. 1956ರಲ್ಲಿ ಗೆಡೆಸ್ ಎಂಬ ಮಾನವಶಾಸ್ತ್ರಜ್ಞ ಕೆಲವೇ ದಿನಗಳ ಮಟ್ಟಿಗೆ ಬಂದುಹೋದರು. 1957ರಲ್ಲಿ ಫೇ ಎರಡನೆಯ ಸಲ, 1981ರಲ್ಲಿ ಮೂರನೆಯ ಸಲ, ಆಮೇಲೆ ಇಳಿವಯಸ್ಸಿನವರೆಗೂ ಮತ್ತೆ ಮತ್ತೆ ಬಂದರು. ಇಷ್ಟು ಉದ್ದಕ್ಕೆ ಒಂದೇ ಕಣ್ಣು ನೋಡಿದ ಹಳ್ಳಿಗಳು ಚೀನಾದಲ್ಲಿ ಬೆರಳೆಣಿಕೆಯಷ್ಟು.

ಇಲ್ಲಿ ರೇಷ್ಮೆಯನ್ನು ದಾರವಾಗಿ ಹಿಡಿದು ಎಂಟು ದಶಕ ದಾಟಿ. ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಇದು ಸುಲಭ: ಹಿಪ್ಪುನೇರಳೆ, ಚಾಕಿ, ಗೂಡು, ನೂಲು ಬಿಚ್ಚಾಣಿಕೆ ಎಲ್ಲವೂ ಅಲ್ಲಿವೆ. ಚೀನಾದ ಕಚ್ಚಾ ರೇಷ್ಮೆಯ ಬೆಲೆ ನಮ್ಮ ಗೂಡಿನ ಮಾರುಕಟ್ಟೆಯವರೆಗೂ ತಟ್ಟುತ್ತದೆ ಎಂಬುದೂ ಅವರಿಗೆ ಗೊತ್ತು. ಕೈಶ್ಯೆನ್‌ಗೊಂಗ್‌ನಲ್ಲಿ ಹೆಂಗಸರು ಮನೆಯಲ್ಲೇ ನೂಲು ಬಿಚ್ಚುತ್ತಿದ್ದರು. ಏಕರೂಪವಿಲ್ಲದ ಆ ನೂಲು ವಿದೇಶಿ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಿತು. ಸೊಸೈಟಿಯಾಗಿ ಕಟ್ಟಿದ ಕಾರ್ಖಾನೆ 1929ರಲ್ಲಿ ಶುರುವಾಯಿತು. ಅದರ ಹಿಂದೆ ದುಡಿದವರಲ್ಲಿ ಫೇ ಅವರ ಅಕ್ಕ, ರೇಷ್ಮೆ ತಜ್ಞೆ ಫೇ ದಾಶೆಂಗ್ ಮುಖ್ಯರು. ರೋಗವಿಲ್ಲದ ಮೊಟ್ಟೆ ಒದಗಿಸಿದರು, ಎಳೆ ಹುಳುಗಳನ್ನು ಒಟ್ಟಿಗೆ ಸಾಕಿದರು.

ಈಗ ಲೆಕ್ಕ ನೋಡಿ. ಮೊದಲು ಕನಿಷ್ಠ 350 ಹೆಂಗಸರು ಮಾಡುತ್ತಿದ್ದ ಕೆಲಸಕ್ಕೆ ಕಾರ್ಖಾನೆಯಲ್ಲಿ 70 ಜನರೂ ಬೇಡವಾದರು. ನೂಲು ಸುಧಾರಿಸಿತು, ಉಳಿದ ಹೆಂಗಸರ ಕೈಕೆಲಸ ಹೋಯಿತು. ‘ಅಭಿವೃದ್ಧಿ’ ಎಂಬ ಕಾಲಂ ಒಂದೇ ಇಟ್ಟಿದ್ದರೆ ಈ ಎರಡರಲ್ಲಿ ಒಂದು ಕಳೆದುಹೋಗುತ್ತದೆ. ಹಾಗಾಗಿ ಪ್ರತಿ ಉದ್ಯೋಗಕ್ಕೂ ಮೂರು ಕಾಲಂ: ಉತ್ಪನ್ನ ಎಷ್ಟು, ದುಡಿದವರು ಎಷ್ಟು ಜನ, ದುಡ್ಡು ಯಾರ ಕೈಗೆ ಸೇರಿತು.

1957ರ ಭೇಟಿಯಲ್ಲಿ ಫೇ ಕಂಡದ್ದು: ಧಾನ್ಯ ಹೆಚ್ಚಿದೆ, ಆದರೂ ಜನರ ಕೈಯಲ್ಲಿ ಕಾಸಿಲ್ಲ, ಉಪಕಸುಬುಗಳನ್ನು ಅದುಮಿದ್ದೇ ಕಾರಣ. ಅದೇ ವರ್ಷ ಅವರನ್ನು ಬಲಪಂಥೀಯ ಎಂದು ಗುರುತಿಸಿ ಮೂಲೆಗೆ ತಳ್ಳಿದರು. ಇಲ್ಲಿ ಕಲಿಯಬೇಕಾದ ತಂತ್ರವೊಂದಿದೆ. ಧಾನ್ಯದ ಇಳುವರಿಯನ್ನೂ ಕೈಕಾಸನ್ನೂ ಎಂದೂ ಒಂದೇ ಸಾಲಿನಲ್ಲಿ ಕೂಡಬೇಡಿ. 1950–78ರ ನಡುವೆ ಇವೆರಡೂ ಎದುರುಬದುರು ದಿಕ್ಕಿಗೆ ಹೋಗಬಹುದು.

1936ರ ಇನ್ನೊಂದು ವಿಷಯವನ್ನು ತಪ್ಪಾಗಿ ಓದುವವರು ಬಹಳ. ಊರಿನ ಬಹುಪಾಲು ಹೊಲಗಳ ‘ತಳದ ಹಕ್ಕು’ ಪಟ್ಟಣದಲ್ಲಿದ್ದ ಜಮೀನ್ದಾರರದ್ದು, ‘ಮೇಲ್ಮಣ್ಣಿನ ಹಕ್ಕು’ ರೈತರದ್ದು. ಗೇಣಿ ಕಟ್ಟುತ್ತಿದ್ದರೂ ರೈತನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಊರೊಳಗೆ ಜಮೀನ್ದಾರರು ಕಡಿಮೆ ಎಂಬುದನ್ನೇ ಹಿಡಿದು ಗೇಣಿ ಇರಲಿಲ್ಲ ಎಂದು ಬರೆದರೆ ಎಡವಿದಂತೆ.

ಜನರನ್ನು ಎಣಿಸುವುದು

1958ರ ಜನವರಿಯ ನಿಯಮದಿಂದ ಗಟ್ಟಿಯಾದ ‘ಹುಕೌ’ ನೋಂದಣಿ ಪ್ರತಿಯೊಬ್ಬರನ್ನೂ ಒಂದು ಊರಿಗೆ ಕಟ್ಟಿಹಾಕಿತು. 1980ರವರೆಗೆ ನೋಂದಾಯಿತರೂ ವಾಸಿಗಳೂ ಹೆಚ್ಚುಕಡಿಮೆ ಒಂದೇ ಜನ. ಆಮೇಲೆ ಬಿರುಕು ಬೆಳೆಯಿತು. ಈಗಿನ ಹಳ್ಳಿಗೆ ಎರಡು ಜನಸಂಖ್ಯೆ: ಹುಕೌ ಇರುವವರು, ಮತ್ತು ವರ್ಷದಲ್ಲಿ ಆರು ತಿಂಗಳಾದರೂ ಅಲ್ಲಿರುವವರು. ಊರಿನ ಕಚೇರಿ ಕೊಡುವುದು ಮೊದಲನೆಯದು. ಗಣತಿ ಎಣಿಸುವುದು ಎರಡನೆಯದು. 2000, 2010, 2020ರ ಗಣತಿಗಳನ್ನು ಹುಕೌ ಅಂಕಿಯ ಜತೆ ಬೆರೆಸಬೇಡಿ. ಪೂರ್ವ ಕರಾವಳಿಯ ಕಾರ್ಖಾನೆ ಹಳ್ಳಿಯಾದರೆ ತಲೆಕೆಳಗು: ವಾಸಿಗಳು ನೋಂದಾಯಿತರಿಗಿಂತ ಹಲವು ಪಟ್ಟು ಇರಬಹುದು. ಆ ಹೊರಗಿನವರಿಗೆ ಊರಿನ ಸಾಮೂಹಿಕ ಲಾಭದಲ್ಲಿ ಪಾಲಿಲ್ಲ.

ವಯಸ್ಸು ಕೇಳುವಾಗ ಜಾಗ್ರತೆ. ಹಳಬರು ಹುಟ್ಟಿದೊಡನೆ ಒಂದು, ಹೊಸ ವರ್ಷಕ್ಕೆ ಇನ್ನೊಂದು ಎಂದು ಎಣಿಸುತ್ತಾರೆ. ಒಂದೆರಡು ವರ್ಷದ ವ್ಯತ್ಯಾಸ ಖಂಡಿತ. ಹುಟ್ಟಿದ ವರ್ಷದ ಪ್ರಾಣಿ ಯಾವುದು ಎಂದು ಕೇಳಿ, ಹುಲಿಯೋ ಕುದುರೆಯೋ. 12 ವರ್ಷದ ಚಕ್ರದಲ್ಲಿ ಸರಿಯಾದ ವರ್ಷ ಸಿಗುತ್ತದೆ. ಚಾಂದ್ರಮಾನದ ಕೊನೆಯ ತಿಂಗಳಲ್ಲಿ ಹುಟ್ಟಿದವರಿಗೆ ಇಸವಿ ಒಂದು ಮುಂದಕ್ಕೆ ಹೋಗಿರುತ್ತದೆ, ನೆನಪಿರಲಿ.

ಹುಟ್ಟಿದ ವರ್ಷಗಳನ್ನೆಲ್ಲ ಒಂದು ಕಾಗದದಲ್ಲಿ ಗೆರೆಗಳಾಗಿ ಗುರುತಿಸಿ. 1959–61ರಲ್ಲಿ ಹಳ್ಳ, 1962ರ ಕೊನೆಯಿಂದ ಏರು, 1970ರ ದಶಕದಿಂದ ಇಳಿಜಾರು ಕಾಣಬೇಕು. ಹಳ್ಳವೇ ಇಲ್ಲದಿದ್ದರೆ ಒಂದೋ ಊರು ಅದೃಷ್ಟದ್ದು, ಇಲ್ಲವೇ ನೋಂದಣಿ ಪುಸ್ತಕ ಆಮೇಲೆ ತಿದ್ದಿ ಬರೆದದ್ದು. 1980ರ ನಂತರದ್ದಕ್ಕೆ ಬೇರೆ ಎಚ್ಚರ ಬೇಕು, ಆಗ ಮನೆಗೆ ಒಂದೇ ಮಗು ಎಂಬ ನಿಯಮವಿತ್ತು. ಆದರೂ ಎಷ್ಟೋ ಪ್ರಾಂತ್ಯಗಳ ಹಳ್ಳಿಗಳಲ್ಲಿ ಮೊದಲ ಮಗು ಹೆಣ್ಣಾದರೆ ಎರಡನೆಯದಕ್ಕೆ ಅವಕಾಶವಿತ್ತು. ದಂಡಕ್ಕೆ ಹೆದರಿ ನೋಂದಾಯಿಸದ ಮಕ್ಕಳೂ ಇದ್ದರು. ದೇಶದಲ್ಲಿ ನೋಂದಣಿ ಇಲ್ಲದವರು ಸುಮಾರು 1.3 ಕೋಟಿ ಎಂದು ಸರಕಾರವೇ ಹೇಳಿತ್ತು. ಅವರನ್ನೆಲ್ಲ ದಾಖಲಿಸಲು ಆದೇಶವಾದದ್ದು 2016ರ ಆರಂಭದಲ್ಲಿ. 1990ರ ಪುಸ್ತಕದಲ್ಲಿ ಇಲ್ಲದ ಹುಡುಗಿ 2000ದ ಪುಸ್ತಕದಲ್ಲಿ ಹನ್ನೆರಡು ವರ್ಷದವಳಾಗಿ ಕಾಣಿಸಿಕೊಂಡರೆ ಬರಹಗಾರನ ತಪ್ಪೆಂದು ಹೊಡೆದುಹಾಕಬೇಡಿ.

ದಕ್ಷಿಣದಲ್ಲಿ ಊರೆಲ್ಲ ಒಂದೇ ಮನೆತನದ ಹೆಸರಿನದಾಗಿದ್ದರೆ ವಂಶಾವಳಿ ಪುಸ್ತಕ ಇರುತ್ತದೆ. ಒಳ್ಳೆಯ ಆಕರವೇ. ಆದರೆ ಹಳೆಯ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರಿರುವುದಿಲ್ಲ, ಚಿಕ್ಕಂದಿನಲ್ಲೇ ಸತ್ತವರದೂ ಇರುವುದಿಲ್ಲ.

ದುಡ್ಡು: ದುಡಿಮೆ ಅಂಕದಿಂದ ಯುವಾನ್‌ವರೆಗೆ

ಕಮ್ಯೂನ್ ಕಾಲದ ಆದಾಯ ಬಿಡಿಸಲು ‘ಗೊಂಗ್‌ಫೆನ್’, ಅಂದರೆ ದುಡಿಮೆ ಅಂಕ, ಗೊತ್ತಿರಬೇಕು. ಗಟ್ಟಿ ಗಂಡಾಳಿಗೆ ದಿನಕ್ಕೆ 10 ಅಂಕ, ಹೆಣ್ಣಾಳಿಗೆ ಅಷ್ಟೇ ದುಡಿದರೂ 6ರಿಂದ 8. ಅಂಕದ ಬೆಲೆ ವರ್ಷದ ಕೊನೆಗೇ ಗೊತ್ತಾಗುವುದು. ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ತಂಡ ನೋಡಿ. ವರ್ಷದ ಹುಟ್ಟುವಳಿ 20,000 ಯುವಾನ್. ಬೀಜ, ಗೊಬ್ಬರ ಇತ್ಯಾದಿ ಖರ್ಚು 6,000, ತೆರಿಗೆ 1,200, ಬಂಡವಾಳ ನಿಧಿ 1,600, ಕ್ಷೇಮನಿಧಿ 400 ಕಳೆದರೆ ಉಳಿದದ್ದು 10,800. ಎಲ್ಲರ ಅಂಕ ಸೇರಿ 1,80,000. ಒಂದು ಅಂಕಕ್ಕೆ 6 ಪೈಸೆಯಂತೆ 0.06 ಯುವಾನ್, ಗಂಡಾಳಿನ ದಿನಕ್ಕೆ 0.60.

5,400 ಅಂಕ ಗಳಿಸಿದ ಮನೆಗೆ 324 ಯುವಾನ್. ಆದರೆ ವರ್ಷವಿಡೀ ಪಡೆದ ಧಾನ್ಯ, ಸೌದೆ, ಎಣ್ಣೆಯ ಬೆಲೆ 290 ಕಳೆದರೆ ಕೈಗೆ ಬರುವುದು 34. ಮಕ್ಕಳು ಹೆಚ್ಚು, ದುಡಿಯುವವರು ಕಡಿಮೆ ಇರುವ ಮನೆ 4,000 ಅಂಕ ಮಾತ್ರ ಗಳಿಸಿದ್ದರೆ 240. ಅಷ್ಟೇ ಧಾನ್ಯ ತಿಂದರೆ 50 ಯುವಾನ್ ಸಾಲ. ಧಾನ್ಯದ ದೊಡ್ಡ ಪಾಲನ್ನು ತಲೆ ಎಣಿಸಿ ಹಂಚುತ್ತಿದ್ದರು, ಚಿಕ್ಕ ಪಾಲನ್ನು ಅಂಕ ನೋಡಿ. ಅದರಿಂದಲೇ ಇಂಥ ಸಾಲಗಾರ ಮನೆಗಳು. ತಂಡದ ಪುಸ್ತಕದಲ್ಲಿ ಸಾಲಗಾರರ ಪಟ್ಟಿ ಸಿಕ್ಕರೆ ಅದನ್ನು ಸೋಮಾರಿಗಳ ಪಟ್ಟಿ ಎಂದು ಓದಬೇಡಿ. ಬಹುಪಾಲು ಅದು ಚಿಕ್ಕ ಮಕ್ಕಳಿದ್ದ ಮನೆಗಳ ಪಟ್ಟಿ. ಹತ್ತು ವರ್ಷ ಬಿಟ್ಟು ನೋಡಿದರೆ ಅದೇ ಮನೆಗಳು ಊರಿನ ಅನುಕೂಲಸ್ಥರಾಗಿರುತ್ತವೆ, ಮಕ್ಕಳು ದುಡಿಯಲು ಬಂದಿರುತ್ತಾರೆ.

ಹಿತ್ತಿಲಿನ ಸ್ವಂತ ತುಂಡು ನೆಲ, ಸಾಕಿದ ಹಂದಿ, ಕೋಳಿಮೊಟ್ಟೆ ಈ ಪುಸ್ತಕದಲ್ಲಿ ಬರುವುದಿಲ್ಲ. ಉಪ್ಪು, ಸೀಮೆಎಣ್ಣೆಯ ದುಡ್ಡು ಬರುತ್ತಿದ್ದದ್ದು ಅಲ್ಲಿಂದಲೇ, ಕೇಳಿಯೇ ತಿಳಿಯಬೇಕು.

1970ರ ಯುವಾನನ್ನು ಇವತ್ತಿನ ರೂಪಾಯಿಗೆ ಬದಲಿಸುವ ಆಸೆ ಬಿಡಿ. ಅದರ ಬದಲು ದಿನಗಳಲ್ಲಿ ಅಳೆಯಿರಿ. ಸೈಕಲ್ಲಿಗೆ ಸುಮಾರು 150 ಯುವಾನ್, ಮೇಲೊಂದು ಕೂಪನ್. ಮೇಲಿನ ಲೆಕ್ಕದಲ್ಲಿ ಗಂಡಾಳಿನ 250 ದಿನದ ದುಡಿಮೆ. ಆ ಕಾಲದ ಮದುವೆಯಲ್ಲಿ ಹೆಣ್ಣಿನವರು ಕೇಳುತ್ತಿದ್ದದ್ದು ‘ತಿರುಗುವ ಮೂರು, ಸದ್ದು ಮಾಡುವ ಒಂದು’: ಸೈಕಲ್, ಹೊಲಿಗೆ ಯಂತ್ರ, ಕೈಗಡಿಯಾರ, ರೇಡಿಯೋ. 1980ರ ದಶಕದಲ್ಲಿ ಟಿವಿ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ. ಆಮೇಲೆ ಊರಿನಲ್ಲಿ ಮಹಡಿ ಮನೆ. ಈಗ ಕೌಂಟಿ ಪಟ್ಟಣದಲ್ಲಿ ಫ್ಲ್ಯಾಟು, ಕಾರು, ಜತೆಗೆ ವಧುದಕ್ಷಿಣೆ. ಕೊಡುವವರು ಗಂಡಿನ ಕಡೆಯವರು, ನಮ್ಮ ವರದಕ್ಷಿಣೆಗೆ ತಿರುಗುಮುರುಗು. ಮದುವೆಗೆ ಏನು ಕೊಟ್ಟಿರಿ ಎಂಬ ಪ್ರಶ್ನೆಗೆ ಜನ ಸಂಕೋಚವಿಲ್ಲದೆ ಉತ್ತರಿಸುತ್ತಾರೆ, ಆದಾಯ ಎಷ್ಟು ಎಂದರೆ ಬಾಯಿ ಬಿಗಿಯುತ್ತಾರೆ.

ಸರಕಾರಿ ಸರಣಿಯಲ್ಲೂ ಒಂದು ಬೆಸುಗೆ ಇದೆ. ಹಳ್ಳಿಗರ ತಲಾ ‘ನಿವ್ವಳ ಆದಾಯ’ 1978ರಲ್ಲಿ ದೇಶಾದ್ಯಂತ 134 ಯುವಾನ್. 2013ರಿಂದ ಸಮೀಕ್ಷೆಯೇ ಬದಲಾಗಿ ‘ಖರ್ಚಿಗೆ ಸಿಗುವ ಆದಾಯ’ ಎಂಬ ಬೇರೆ ಅಳತೆ ಬಂತು. 2023ರಲ್ಲಿ ಅದು 21,691. ಬೆಲೆ ಏರಿಕೆ ಕಳೆಯದೆ, 2013ರ ಬೆಸುಗೆ ಹೇಳದೆ ಇಷ್ಟು ಪಟ್ಟು ಹೆಚ್ಚಿತು ಎಂದು ಬರೆಯುವಂತಿಲ್ಲ.

ಊರಿಗೆ ಹೋಗುವ ಮುನ್ನ, ಹೋದ ಮೇಲೆ

ಕೌಂಟಿ ಗೆಜೆಟಿಯರ್, ಇದ್ದರೆ ಹಳ್ಳಿಯದೇ ಗೆಜೆಟಿಯರ್ ಮೊದಲು ಓದಿ ಮುಗಿಸಿ. ಕೌಂಟಿಯ ದಾಖಲೆ ಭಂಡಾರದಲ್ಲಿ ಕಾಗದಗಳು ತೆರೆಯುವುದು ಮೊದಲು 30 ವರ್ಷಕ್ಕೆ, 2021ರಿಂದ ಕಾನೂನಿನಲ್ಲಿ 25 ವರ್ಷಕ್ಕೆ. ಕಾನೂನಿನಲ್ಲಿದ್ದದ್ದೆಲ್ಲ ಕಿಟಕಿಯಲ್ಲಿ ಸಿಗುತ್ತದೆಂದಲ್ಲ, ವಿದೇಶಿಯರಿಗಂತೂ ಪರಿಚಯ ಪತ್ರ ಬೇಕು. ಅಲ್ಲಿನ ವಿಶ್ವವಿದ್ಯಾಲಯವೊಂದರ ಅಧ್ಯಾಪಕರ ಮೂಲಕ ಹೋಗುವುದೊಂದೇ ನಡೆಯುವ ದಾರಿ. ಜಿಪಿಎಸ್ ಹಿಡಿದು ಹೊಲ ಅಳೆಯುವುದು, ಡ್ರೋನ್ ಹಾರಿಸುವುದು ಬೇಡ. ಅನುಮತಿ ಇಲ್ಲದ ಭೂಮಾಪನ ವಿದೇಶಿಯರಿಗೆ ಅಪರಾಧ.

ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು 1960–72ರಲ್ಲಿ ‘ಕೊರೋನಾ’ ಎಂಬ ಯೋಜನೆಯಲ್ಲಿ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಊರಿನ ಹಳೆಯ ಆಕಾರ, ಕೆರೆ, ಹೊಲದ ಬದುಗಳು ಅದರಲ್ಲಿ ಕಾಣುತ್ತವೆ. ಇಂದಿನ ಚೀನೀ ನಕ್ಷೆಯ ಮೇಲೆ ಅದನ್ನು ಹೊಂದಿಸುವಾಗ ಕೆಲವು ನೂರು ಮೀಟರ್ ಪಕ್ಕಕ್ಕೆ ಸರಿದಂತೆ ಕಾಣುವುದು ನಿಮ್ಮ ತಪ್ಪಲ್ಲ. ಚೀನಾದ ಸಾರ್ವಜನಿಕ ನಕ್ಷೆಗಳನ್ನು ಬೇಕೆಂದೇ ಸರಿಸಿರುತ್ತಾರೆ. ದೇವಾಲಯ, ಸೇತುವೆಯಂಥ ಕದಲದ ಗುರುತು ಹಿಡಿದು ಕೈಯಾರೆ ಹೊಂದಿಸಿ.

ಎರಡು ಸಲ ಹೋಗಿ: ವಸಂತ ಹಬ್ಬದಲ್ಲಿ, ಅಂದರೆ ಚೀನೀ ಹೊಸ ವರ್ಷಕ್ಕೆ, ಒಮ್ಮೆ, ಉಳುಮೆಯ ಕಾಲದಲ್ಲಿ ಒಮ್ಮೆ. ಹಬ್ಬದಲ್ಲಿ ಊರು ತುಂಬಿರುತ್ತದೆ, ಕಾರುಗಳು ಸಾಲುಗಟ್ಟಿರುತ್ತವೆ, ವಲಸೆ ಹೋದವರ ಬಾಯಿಂದಲೇ ಮಾತು ಸಿಗುತ್ತದೆ. ಉಳುಮೆಯಲ್ಲಿ ಉಳಿದವರು ಅಜ್ಜಅಜ್ಜಿಯರು, ಅವರ ಕೈಗೆ ಬಿಟ್ಟ ಮೊಮ್ಮಕ್ಕಳು. ಒಂದೇ ಭೇಟಿಯಲ್ಲಿ ಬರೆದವರ ಹಳ್ಳಿ ಒಂದೋ ಸಿರಿವಂತ, ಇಲ್ಲವೇ ಹಾಳೂರು.

ನೆನಪು ಕೆದಕುವಾಗ ಇಸವಿ ಕೇಳಬೇಡಿ, ಕುರುಹು ಕೇಳಿ: ಸಾಮೂಹಿಕ ಊಟದ ಮನೆ ಇದ್ದಾಗಲೋ ಮುಚ್ಚಿದ ಮೇಲೋ, ಮೊದಲ ಮಗ ಹುಟ್ಟಿದ್ದನೋ ಇಲ್ಲವೋ. ‘ಜಮೀನು ಹಂಚಿದಾಗ’ ಎಂಬ ಮಾತು ಬಂದರೆ ನಿಲ್ಲಿಸಿ ಕೇಳಿ. ಅದು 1950ರ ಆಚೀಚಿನ ಭೂಸುಧಾರಣೆಯೂ ಆಗಿರಬಹುದು, 1980ರ ಆಚೀಚಿನ ಮನೆವಾರು ಗುತ್ತಿಗೆಯೂ ಆಗಿರಬಹುದು. ಎರಡಕ್ಕೂ ಜನ ಹೇಳುವುದು ಅದೇ ಮಾತು. ಕ್ಷಾಮ, ಸಾಂಸ್ಕೃತಿಕ ಕ್ರಾಂತಿ, ಬಲವಂತದ ಕುಟುಂಬ ಯೋಜನೆಯ ವಿಷಯವನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ಅಧಿಕಾರಿ ಪಕ್ಕದಲ್ಲಿ ಕೂತಿರುವಾಗ ನೀವಾಗಿ ಎತ್ತಬೇಡಿ. ನೀವು ವಿಮಾನ ಹತ್ತುತ್ತೀರಿ, ಅವರು ಅಲ್ಲೇ ಇರಬೇಕು. ಟಿಪ್ಪಣಿಯಲ್ಲಿ ಹೆಸರಿನ ಬದಲು ಅಂಕೆ ಬರೆಯಿರಿ, ಅಂಕೆಯ ಕೀಲಿಪಟ್ಟಿ ಬೇರೆಡೆ ಇರಲಿ.

ಟಿಪ್ಪಣಿಗಳ ವಿಷಯದಲ್ಲಿ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಅನುಭವ ಮರೆಯಬಾರದು. ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಅವರು ವರ್ಷಗಟ್ಟಲೆ ವಿಂಗಡಿಸಿ ಇಟ್ಟಿದ್ದ ಟಿಪ್ಪಣಿಯ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಪ್ರತಿಗಳು ಮೂರಿದ್ದವು, ಮೂರೂ ಒಂದೇ ಕಡೆ ಇದ್ದವು. ಒಂದು ಪ್ರತಿ ಬೇರೆ ಊರಿನಲ್ಲಿರಲಿ.

ಗೆಜೆಟಿಯರ್ ಒಂದು ಹೇಳಿ, ತಂಡದ ಪುಸ್ತಕ ಇನ್ನೊಂದು ಹೇಳಿ, ಅಜ್ಜಿ ಮತ್ತೊಂದು ಹೇಳಿದರೆ ಸರಾಸರಿ ತೆಗೆಯಬೇಡಿ. ಮೂರನ್ನೂ ಬರೆದು, ಯಾವುದು ಯಾರಿಗಾಗಿ ಬರೆದದ್ದು ಎಂದು ಪಕ್ಕದಲ್ಲಿ ಗುರುತಿಸಿ. 1958ರ ಇಳುವರಿ ಮೇಲಿನವರನ್ನು ಮೆಚ್ಚಿಸಲು ಉಬ್ಬಿಸಿದ್ದು. ಲೆವಿ ಧಾನ್ಯ ಕೊಡಬೇಕಿದ್ದ ಉಳಿದ ಹಲವು ವರ್ಷಗಳದ್ದು ಕುಗ್ಗಿಸಿದ್ದಿರಬಹುದು.

ಐದಾರು ವರ್ಷ ಬಿಟ್ಟು ಮತ್ತೆ ಹೋದಾಗ ಮೊದಲ ಪಟ್ಟಿಯ ಮನೆಗಳನ್ನೇ ಹುಡುಕಿ. ಮೂರರಲ್ಲಿ ಒಂದಕ್ಕೆ ಬೀಗ ಬಿದ್ದಿರಬಹುದು. ಬೀಗ ಹಾಕಿದ ಮನೆ ಬಿಟ್ಟು ತೆರೆದ ಬಾಗಿಲುಗಳನ್ನೇ ತಟ್ಟಿದರೆ ಊರು ಇದ್ದದ್ದಕ್ಕಿಂತ ಮುದಿಯಾಗಿ, ಬಡವಾಗಿ ಕಾಣುತ್ತದೆ. ಆ ಮನೆಯವರು ಸಾಧಾರಣವಾಗಿ ಕೌಂಟಿ ಪಟ್ಟಣದಲ್ಲಿ, ಮೊಮ್ಮಗನ ಶಾಲೆಯ ಹತ್ತಿರದ ಫ್ಲ್ಯಾಟಿನಲ್ಲಿರುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆ, ಅಲ್ಲಿಗೂ ಹೋಗಿ. ಹುಕೌ ಇನ್ನೂ ಹಳ್ಳಿಯದೇ, ಹೊಲ ಪಕ್ಕದವನಿಗೆ ಗುತ್ತಿಗೆಗೆ ಕೊಟ್ಟಿದ್ದು; ಗುತ್ತಿಗೆ ಹಣ ಎಷ್ಟು, ಯಾರಿಗೆ, ಎಷ್ಟು ವರ್ಷಕ್ಕೆ ಎಂಬುದನ್ನು ಅಲ್ಲೇ ಕೂತು ಬರೆದುಕೊಳ್ಳಿ.